ಎಲೆ ತುದಿಯ ಉಪ್ಪು

ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಇದ್ದಕ್ಕಿದ್ದ ಹಾಗೆ ಆಯ್ತಂತೆ, ಅಲ್ವಾ?" ಹಾಗೆ ಕೇಳಿದವರಿಗೆಲ್ಲ ಚಾಪೆ ಹಾಸಿ ಕೂರಿಸಿದ್ದೇನೆ, ಚಾ ಮಾಡಿ ಕೊಟ್ಟಿದ್ದೇನೆ, ಹೋಗುವಾಗ ಅಂಗಳದವರೆಗೆ ಹೋಗಿ ಕಳಿಸಿಕೊಟ್ಟಿದ್ದೇನೆ. ಸಿಟ್ಟನ್ನು ಮಾತ್ರ ತೋರಿಸಲಿಲ್ಲ. ಅದು ಇದ್ದಕ್ಕಿದ್ದ ಹಾಗೆ ಆದದ್ದಲ್ಲ. ಏಳು ವರ್ಷ ಹಿಡಿದಿತ್ತು. ಆ ಏಳು ವರ್ಷವೂ ಅದು ನಮ್ಮ ಅಡಿಗೆಮನೆಯಲ್ಲಿ, ನನ್ನ ಕಣ್ಣೆದುರಿಗೆ, ಅರ್ಧ ನನ್ನ ಕೈಯಿಂದಲೇ ಆಗುತ್ತಾ ಬಂದದ್ದು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಇಷ್ಟು ಕಾಲ ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅವರು ದೊಡ್ಡ ಊಟದ ಅಡಿಗೆಯವರು. ನಮ್ಮ ಮನೆ ಪುತ್ತೂರು ಪೇಟೆಯ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡ ಎರಡು ಕೋಣೆಯ ಮನೆ. ಎಪ್ಪತ್ತರ ದಶಕದಲ್ಲಿ ಆ ಕಡೆ ಮಂಡೆಕೋಲಿನಿಂದ ಈ ಕಡೆ ಕಲ್ಲುಗುಂಡಿಯವರೆಗೆ ಮದುವೆಯೋ ಉಪನಯನವೋ ನಿಶ್ಚಯವಾದರೆ, ದಿನ ಗೊತ್ತು ಮಾಡುವ ಮೊದಲು ಇವರು ಬಿಡುವಾಗಿದ್ದಾರಾ ಎಂದು ಕೇಳಿಕೊಂಡು ಬರುವವರಿದ್ದರು. ಕಡಬದ ಹತ್ತಿರದ ಒಂದು ಮನೆಯವರು ಇವರಿಗಾಗಿಯೇ ಮುಹೂರ್ತವನ್ನು ಒಂದು ವಾರ ಮುಂದೆ ಹಾಕಿದ್ದರು. ಅದನ್ನು ಇವರು ಜೀವಮಾನವಿಡೀ ಹೇಳಿಕೊಂಡರು, ನಾನೂ ಹೇಳಿಕೊಂಡೆ.

ಇವರ ಹೆಸರು ಇದ್ದದ್ದು ಉಪ್ಪಿನಲ್ಲಿ. ದೇವರಿಗೆ ನೈವೇದ್ಯ ಆಗುವ ಮೊದಲು ಅಡಿಗೆಯನ್ನು ಬಾಯಿಗೆ ಹಾಕಿ ನೋಡುವ ಹಾಗಿಲ್ಲ. ಐನೂರು ಜನರ ಸಾಂಬಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ನಾಲಿಗೆಗೆ ಕೇಳದೆಯೇ ತಿಳಿಯಬೇಕು. ಇವರು ಕೊಪ್ಪರಿಗೆಯ ಹತ್ತಿರ ನಿಂತು, ಕಲ್ಲುಪ್ಪಿನ ಬುಟ್ಟಿಗೆ ಬಲಗೈ ಇಳಿಸಿ, ಮುಷ್ಟಿ ಮುಷ್ಟಿಯಾಗಿ ತೆಗೆದು ಸುತ್ತಲೂ ಬೀಸುತ್ತಿದ್ದರು. ಕುದಿ ಬಂದಾಗ ಬಗ್ಗಿ ಹಬೆಯ ಪರಿಮಳ ತೆಗೆದುಕೊಂಡು ಇನ್ನರ್ಧ ಮುಷ್ಟಿ ಹಾಕುತ್ತಿದ್ದರು, ಇಲ್ಲವೇ ಕೈ ಕೊಡವಿ ಬಿಡುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ಅವರ ಬಲಗೈಗೆ ನಾಲಿಗೆ ಉಂಟು ಎಂದು ಊಟಕ್ಕೆ ಕೂತವರು ತಮಾಷೆ ಮಾಡುತ್ತಿದ್ದರು.

ಇವರಿಗೆ ಪ್ರೆಶರ್, ಎಂದರೆ ರಕ್ತದೊತ್ತಡ, ಉಂಟೆಂದು ಗೊತ್ತಾದದ್ದು ಕಾಲಿನ ಗಾಯದಿಂದ. ಬಿಸಿ ಎಣ್ಣೆ ಬಿದ್ದು ಪಾದ ಸುಟ್ಟುಕೊಂಡಿದ್ದರು. ಪುತ್ತೂರಿನಲ್ಲಿ ಒಬ್ಬ ಡಾಕ್ಟರರ ಹತ್ತಿರ ಪಟ್ಟಿ ಕಟ್ಟಿಸಲು ಹೋದೆವು. ನಾನೂ ಜೊತೆಗೆ ಹೋಗಿ ಅದೇ ಬೆಂಚಿನಲ್ಲಿ ಕೂತಿದ್ದೆ. ಡಾಕ್ಟರರು ಪಟ್ಟಿ ಕಟ್ಟಿ ಮುಗಿಸಿ, ಎಂತ ತೋಚಿತೋ, ಇವರ ತೋಳಿಗೆ ಬಟ್ಟೆ ಸುತ್ತಿ ಗಾಳಿ ಊದಿದರು. ಎರಡನೆಯ ಸಲ ಊದಿದರು. ಹುಬ್ಬು ಗಂಟು ಹಾಕಿಕೊಂಡರು.

"ತಲೆನೋವು ಉಂಟಾ? ತಲೆ ತಿರುಗುದು?"

"ಎಂತದೂ ಇಲ್ಲ," ಎಂದರು ಇವರು.

"ಪ್ರೆಶರ್ ತುಂಬ ಉಂಟು. ಉಪ್ಪು ಕಮ್ಮಿ ಮಾಡಿ. ಹೊಗೆಸೊಪ್ಪು ಬಿಡಿ. ಈ ಮಾತ್ರೆ ದಿನಾ ಬೆಳಿಗ್ಗೆ ಒಂದು."

ಅಷ್ಟೇ. ಮುಂದಿನವರನ್ನು ಕರೆದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಡಾಕ್ಟರರದ್ದು ತಪ್ಪೆಂದು ಆಗ ಅನಿಸಿರಲಿಲ್ಲ. ಈಗ ಅನಿಸುತ್ತದೆ. ಯಾವ ಉಪ್ಪು, ಎಷ್ಟು ಕಮ್ಮಿ, ಮಾತ್ರೆ ಎಷ್ಟು ದಿನ, ನುಂಗದಿದ್ದರೆ ಎಂತ ಆಗುತ್ತದೆ, ಇದನ್ನೆಲ್ಲ ಹೇಳಲು ಎರಡು ನಿಮಿಷ ಸಾಕಿತ್ತು. ಕೇಳಲು ನನಗೂ ಬಾಯಿತ್ತು. ಡಾಕ್ಟರರ ಎದುರು ಹೆಂಗಸರು ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡು ಸೆರಗು ಸರಿ ಮಾಡಿಕೊಂಡು ಎದ್ದು ಬಂದೆ.

ಮನೆಗೆ ಬರುವ ದಾರಿಯಲ್ಲಿ ಇವರು ಸೇತುವೆ ದಾಟಿದ ಮೇಲೆ ಹೇಳಿದರು, "ಕಮ್ಮಿ ಮಾಡುದು ಅಂದ್ರೆ ಎಂತ? ನಮಗೆ ಆ ಲೆಕ್ಕ ಎಲ್ಲ ಆಗ್ಲಿಕ್ಕಿಲ್ಲ. ಮಾಡುದಾದ್ರೆ ಬಿಡುದೇ. ಇವತ್ತಿಂದ ಎಲೆ ಉಪ್ಪು ಬಿಟ್ಟೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಅನಾಹುತ ಇಲ್ಲಿಂದಲೇ. ನಮ್ಮಲ್ಲಿ ಊಟಕ್ಕೆ ಬಾಳೆಲೆ ಹಾಕಿ ನೀರು ಚಿಮುಕಿಸಿದ ಮೇಲೆ ಮೊದಲು ಬಡಿಸುವುದೇ ಉಪ್ಪು. ಎಲೆಯ ಎಡ ತುದಿಯಲ್ಲಿ ಒಂದು ಚಿಟಿಕೆ. ಅದರ ನಂತರ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಮನೆಯಲ್ಲಿ ಇಬ್ಬರೇ ಕೂತರೂ ಅದೇ ಕ್ರಮ. ಇವರ ತಲೆಯಲ್ಲಿ, ನನ್ನ ತಲೆಯಲ್ಲಿ, ನಮ್ಮ ಸುತ್ತ ಇದ್ದ ಎಲ್ಲರ ತಲೆಯಲ್ಲಿ, ಊಟದ ಉಪ್ಪು ಎಂದರೆ ಆ ಚಿಟಿಕೆ. ಉಳಿದದ್ದೆಲ್ಲ ಅಡಿಗೆ. ಇವರ ತಾಯಿ ಕಾಶಿಗೆ ಹೋದಾಗ ಅಲ್ಲಿಯ ಕ್ರಮದಂತೆ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬಂದವರು. ಹಾಗಲಕಾಯಿ ಬಿಟ್ಟಿದ್ದರು, ಸಾಯುವವರೆಗೆ ಮುಟ್ಟಲಿಲ್ಲ. ಇವರೂ ಹಾಗೆಯೇ ಎಲೆ ಉಪ್ಪನ್ನು ಬಿಟ್ಟರು, ವ್ರತ ಹಿಡಿದ ಹಾಗೆ.

ವ್ರತ ಎಂದ ಮೇಲೆ ನಾಲ್ಕು ಜನರಿಗೆ ಗೊತ್ತಾಗಬೇಡವೇ. ಎಲ್ಲಿ ಊಟಕ್ಕೆ ಕೂತರೂ ಬಡಿಸುವವರು ಉಪ್ಪಿನ ತಟ್ಟೆ ಹಿಡಿದು ಬಂದಾಗ ಇವರು ಎಲೆಗೆ ಅಡ್ಡವಾಗಿ ಅಂಗೈ ಹಿಡಿಯುತ್ತಿದ್ದರು. ಪಕ್ಕದವರು ಕೇಳುತ್ತಿದ್ದರು. ಇವರು ಹೇಳುತ್ತಿದ್ದರು, "ಪ್ರೆಶರ್ ಅಂತೆ ಮಾರಾಯ್ರೆ, ಡಾಕ್ಟ್ರು ಹೇಳಿದ್ರು, ಬಿಟ್ಟೇ ಬಿಟ್ಟೆ." ಅಷ್ಟು ಹೇಳುವಾಗ ಮುಂದಿನವರ ಕೈ ಉಪ್ಪಿನಕಾಯಿ ಬಡಿಸಿರುತ್ತಿತ್ತು, ಹಪ್ಪಳ ಬಂದಿರುತ್ತಿತ್ತು, ಇವರು ಎರಡೆರಡು ತೆಗೆದುಕೊಳ್ಳುತ್ತಿದ್ದರು. "ಗಟ್ಟಿ ಮನುಷ್ಯ," ಎನ್ನುತ್ತಿದ್ದರು ಎಲ್ಲರೂ. ಗಟ್ಟಿಯಂತೆ. ಆ ಸಾಲಿನಲ್ಲಿ ಕೂತವರಲ್ಲಿ ಮಾಸ್ತರರಿದ್ದರು, ವಕೀಲರಿದ್ದರು, ಓದಿದವರಿದ್ದರು. ಒಬ್ಬರಾದರೂ ಹಪ್ಪಳದಲ್ಲಿ ಎಂತ ಉಂಟು ಎಂದು ಕೇಳಬಹುದಿತ್ತು.

ಇನ್ನು ನನ್ನ ವಿಷಯ. ಅಡಿಗೆಮನೆಯ ಮೂಲೆಯಲ್ಲಿ ನನ್ನದು ಐದು ಭರಣಿ. ಒಂದರಲ್ಲಿ ಮಾವಿನ ಮಿಡಿ. ಒಂದರಲ್ಲಿ ಉಪ್ಪುನೀರಿನ ಮಾವಿನಕಾಯಿ. ದೊಡ್ಡದು ಎರಡರಲ್ಲಿ ಉಪ್ಪುಸೊಳೆ, ಎಂದರೆ ಬಲಿತ ಹಲಸಿನಕಾಯಿಯ ತೊಳೆಗಳನ್ನು ಉಪ್ಪು ಬೆರೆಸಿ ಮಳೆಗಾಲಕ್ಕೆಂದು ಅದುಮಿ ಇಟ್ಟದ್ದು. ಕೊನೆಯದರಲ್ಲಿ ಮಜ್ಜಿಗೆ ಮತ್ತು ಉಪ್ಪಿನಲ್ಲಿ ಅದ್ದಿ ಒಣಗಿಸಿದ ಮೆಣಸು. ಇವರು ಎಲೆ ಉಪ್ಪು ಬಿಟ್ಟ ಮೇಲೆ ನನಗೆ ಅಯ್ಯೋ ಅನಿಸಿತು. ದಿನಾ ಬೆಂಕಿಯ ಮುಂದೆ ದುಡಿಯುವ ಮನುಷ್ಯ, ಬಾಯಿಗೆ ರುಚಿ ಇಲ್ಲದೆ ಹೇಗೆ ಉಣ್ಣುವುದು ಎಂದು ಬೆಳಿಗ್ಗೆಯ ಗಂಜಿಗೆ ಒಂದು ಮಿಡಿ ಹಾಕುವಲ್ಲಿ ಎರಡು ಹಾಕಿದೆ. ಮಧ್ಯಾಹ್ನಕ್ಕೆ ಉಪ್ಪುಸೊಳೆಯ ಪಲ್ಯ, ರಾತ್ರಿಗೆ ಮಾವಿನಕಾಯಿ ಗೊಜ್ಜು, ಕರಿದ ಮೆಣಸು. ಪ್ರೀತಿಯಿಂದ ಮಾಡಿದ್ದು. ಅದನ್ನು ನೆನೆದರೆ ನನ್ನ ಕೈಯನ್ನು ನಾನೇ ಒಲೆಗೆ ಒಡ್ಡಬೇಕು ಅನಿಸುತ್ತದೆ.

ಅದರಲ್ಲೂ ಉಪ್ಪುಸೊಳೆಯ ವಿಷಯ. ಅದನ್ನು ಭರಣಿಯಿಂದ ತೆಗೆದು ಹಾಗೆಯೇ ಬೇಯಿಸಲು ಆಗುವುದಿಲ್ಲ. ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಮತ್ತೆ ನೀರು ಹಾಕಿ, ಮತ್ತೆ ಚೆಲ್ಲಬೇಕು. ಮೂರು ನೀರು ತೆಗೆಯಬೇಕು. ಇಲ್ಲದಿದ್ದರೆ ಬಾಯಿಗೆ ಇಡಲಾಗುವುದಿಲ್ಲ. ಏಳು ವರ್ಷ ನಾನು ಮೂರು ಮೂರು ನೀರು ಚೆಲ್ಲಿದ್ದೇನೆ. ಇವರು ಬಾಯಿ ಚಪ್ಪರಿಸುವ ಹಾಗಿರಲಿ ಎಂದು ಕೆಲವು ಸಲ ಎರಡೇ ನೀರಿಗೆ ನಿಲ್ಲಿಸಿದ್ದೇನೆ.

ಮಾತ್ರೆಯದ್ದು ಇನ್ನೊಂದು ಕಥೆ. ಊಟದ ಅಡಿಗೆ ಮಡಿಯಲ್ಲಿ ಆಗಬೇಕು. ಬೆಳಗಿನ ಜಾವ ಸ್ನಾನ ಮಾಡಿ ಒಲೆ ಹೊತ್ತಿಸಿದವರು ಜನರ ಊಟ ಮುಗಿಯುವವರೆಗೆ ಬಾಯಿಗೆ ಎಂತದೂ ಹಾಕುವ ಹಾಗಿಲ್ಲ. ಇವರು ಮಾತ್ರೆಯನ್ನೂ ಅದರಲ್ಲಿ ಸೇರಿಸಿದರು. "ಬಾಯಿಗೆ ಹಾಕಿದ್ದು ಅಂದ್ರೆ ಹಾಕಿದ್ದೇ. ಮತ್ತೆ ಅದನ್ನು ಯಾರು ಮುಟ್ಟಿ ಮಾಡಿದ್ದೋ ಎಂತದೋ," ಎನ್ನುತ್ತಿದ್ದರು. ಸರಿ, ಊಟ ಮುಗಿದ ಮೇಲೆ ಮೂರು ಗಂಟೆಗಾದರೂ ನುಂಗಬಹುದಲ್ಲ ಎಂದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಡಾಕ್ಟ್ರು ಬೆಳಿಗ್ಗೆ ಅಂತ ಹೇಳಿದ್ದು. ಬೆಳಿಗ್ಗೆದ್ದನ್ನು ಮಧ್ಯಾಹ್ನ ತೆಗೊಂಡ್ರೆ ಎಂತ ಪ್ರಯೋಜನ?" ಹಾಗೆ ಮದುವೆಯ ತಿಂಗಳುಗಳಲ್ಲಿ, ಬೆಂಕಿಯ ಮುಂದೆ ಅತಿ ಹೆಚ್ಚು ದುಡಿಯುವ ಆ ತಿಂಗಳುಗಳಲ್ಲೇ, ಮಾತ್ರೆ ಡಬ್ಬಿಯಲ್ಲಿ ಉಳಿಯುತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಆಗ ಮನೆಯಲ್ಲಿ ಕೂತು ಕ್ರಮವಾಗಿ ನುಂಗುತ್ತಿದ್ದರು. ಬಿಡುವಿದ್ದದ್ದೂ ಆಗಲೇ, ಡಾಕ್ಟರರ ಹತ್ತಿರ ಹೋಗುತ್ತಿದ್ದದ್ದೂ ಆಗಲೇ. ಅವರು ನೋಡಿ, "ಪರವಾಗಿಲ್ಲ, ಇಳಿದಿದೆ, ಹೀಗೇ ಇರ್ಲಿ," ಎನ್ನುತ್ತಿದ್ದರು. ಇವರು ಮನೆಗೆ ಬಂದು ಪ್ರೆಶರ್ ಹೋಯ್ತು ಎಂದು ಮಾತ್ರೆ ನಿಲ್ಲಿಸುತ್ತಿದ್ದರು. ಪ್ರತಿ ವರ್ಷ ಇದೇ ಆಟ.

ಹೊಗೆಸೊಪ್ಪನ್ನು ಮನೆಯಲ್ಲಿ ಬಿಟ್ಟರು. ಊಟ ಮಾಡಿಸಿದ ಮನೆಯವರು ಎಲೆ ಅಡಿಕೆಯ ಹರಿವಾಣ ಮುಂದೆ ಇಟ್ಟಾಗ ಬೇಡ ಎಂದರೆ ಅವರಿಗೆ ಬೇಜಾರಾಗುತ್ತದೆ ಎಂದು ಅಲ್ಲಿ ಬಿಡಲಿಲ್ಲ. ತಿಂಗಳಿಗೆ ಹದಿನೈದು ಮನೆಯವರ ಬೇಜಾರನ್ನು ಇವರು ಹೀಗೆ ತಪ್ಪಿಸಿದರು. ನನ್ನ ಬೇಜಾರು ಯಾವ ಲೆಕ್ಕ.

ನಾನು ಜಗಳ ಮಾಡಲಿಲ್ಲ ಎಂದಲ್ಲ. ಮಾಡಿದಾಗೆಲ್ಲ ಇವರು ಒಂದೇ ಪ್ರಶ್ನೆ ಕೇಳುತ್ತಿದ್ದರು. "ನಂಗೆ ಎಂತ ಆಗಿದೆ ಹೇಳು? ಐನೂರು ಜನರ ಕೊಪ್ಪರಿಗೆ ಇಳಿಸ್ತೇನೆ. ಕಾಯಿಲೆಯವ ಇಳಿಸ್ತಾನಾ?" ಜ್ವರ ಬಂದರೆ ಮೈ ಸುಡುತ್ತದೆ, ಹಲ್ಲು ಕೆಟ್ಟರೆ ಕೆನ್ನೆ ಊದುತ್ತದೆ. ನೋಯದ, ಊದದ, ಕೆಮ್ಮಿಸದ ಒಂದು ಕಾಯಿಲೆ ಮನೆಯೊಳಗೆ ಕೂತಿದೆ ಎಂದು ನಂಬಲು ನನಗೂ ಆಗಿರಲಿಲ್ಲ. ಜಗಳ ಮಾಡುವಾಗಲೂ ಮನಸ್ಸಿನೊಳಗೆ ಅರ್ಧ ಇವರ ಪಕ್ಷವೇ ಆಗಿದ್ದೆ.

ಹಾಗಿರುವಾಗ, ಎಂಬತ್ತರ ದಶಕದ ನಡುವಿನ ಒಂದು ಮದುವೆ ಸೀಸನ್ನಿನಲ್ಲಿ, ಇವರ ಜೊತೆ ಕಾಯಿ ತುರಿಯಲು ಹೋಗುತ್ತಿದ್ದ ಮುದುಕರೊಬ್ಬರು ಏನೋ ಪಾತ್ರೆ ಕೊಂಡುಹೋಗಲು ನಮ್ಮ ಮನೆಗೆ ಬಂದರು. ಇವರು ಮನೆಯಲ್ಲಿರಲಿಲ್ಲ. ಮುದುಕರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

"ಅಕ್ಕ, ನಿಮಗೆ ಗೊತ್ತುಂಟಲ್ಲ, ಉಪ್ಪಿನಂಗಡಿ ಮದುವೆಯದ್ದು? ಯಜಮಾನ್ರು ಮೊನ್ನೆ ನಮ್ಮನ್ನು ಹೆದರಿಸಿಬಿಟ್ರು."

ನನಗೆ ಗೊತ್ತಿರಲಿಲ್ಲ. ಗೊತ್ತುಂಟು ಎಂದೆ, ಇಲ್ಲವೆಂದರೆ ಪೂರ್ತಿ ಹೇಳಲಿಕ್ಕಿಲ್ಲ ಎಂದು.

ಮೂರು ವಾರದ ಹಿಂದೆ ಉಪ್ಪಿನಂಗಡಿಯಲ್ಲಿ ಸಾಂಬಾರು ತಿರುವುತ್ತಿದ್ದಾಗ ಇವರ ಬಲಗೈಯಿಂದ ಸಟ್ಟುಗ ಜಾರಿ ಬಿತ್ತಂತೆ. ಎತ್ತಲು ಹೋದರೆ ಬೆರಳು ಹಿಡಿಯಲಿಲ್ಲವಂತೆ. ಎಂತ ಆಯ್ತು ಎಂದು ಕೇಳಿದರೆ ಇವರ ಬಾಯಿಯಿಂದ ಬಂದ ಮಾತು ಯಾರಿಗೂ ತಿಳಿಯಲಿಲ್ಲವಂತೆ, ಎಲೆ ಅಡಿಕೆ ತುಂಬಿಕೊಂಡು ಮಾತಾಡಿದ ಹಾಗೆ ಇತ್ತಂತೆ. ಒಲೆಯ ಸೆಖೆ ತಾಗಿದ್ದು ಎಂದು ಹೊರಗೆ ಕರೆತಂದು, ಗಾಳಿ ಹಾಕಿ, ದೊಡ್ಡ ಲೋಟದಲ್ಲಿ ಮಜ್ಜಿಗೆಗೆ ಒಳ್ಳೆ ಉಪ್ಪು ಹಾಕಿ ಕುಡಿಸಿದರಂತೆ. ಅರ್ಧ ಗಂಟೆಯಲ್ಲಿ ಎಲ್ಲ ಸರಿಯಾಯಿತಂತೆ. ಎದ್ದು ಹೋಗಿ ಪಾಯಸ ಇಳಿಸಿದರಂತೆ.

"ಅವರ ಜಾಗದಲ್ಲಿ ಬೇರೆಯವರಾದ್ರೆ ಮಲಗ್ತಿದ್ರು," ಎಂದು ಮುದುಕರು ಹೆಮ್ಮೆಯಿಂದ ಮುಗಿಸಿದರು. "ಊಟಕ್ಕೆ ಹತ್ತು ನಿಮಿಷ ಕೂಡ ತಡ ಆಗ್ಲಿಲ್ಲ."

ಊಟಕ್ಕೆ ತಡವಾಗಲಿಲ್ಲ. ಅದೇ ಸಮಾಧಾನ ಎಲ್ಲರಿಗೂ. ಇಡೀ ಚಪ್ಪರದಲ್ಲಿ ಇದ್ದ ಅಷ್ಟು ಜನರಲ್ಲಿ ಒಬ್ಬರಿಗೂ, ಕೈ ಬಿದ್ದು ಮಾತು ನಿಂತ ಮನುಷ್ಯನನ್ನು ಜೀಪಿಗೆ ಹತ್ತಿಸಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ತೋಚಲಿಲ್ಲ. ಮದುವೆಯ ವಾಹನಗಳು ನಾಲ್ಕು ನಿಂತಿದ್ದವಂತೆ ಅಲ್ಲೇ.

ಇವರು ಮನೆಗೆ ಬಂದ ಮೇಲೆ ನಾನು ಸ್ವರ ಎತ್ತಿದೆ. ಪಕ್ಕದ ಮನೆಯವರು ಹೊರಗೆ ಬಂದು ನಿಲ್ಲುವಷ್ಟು ಎತ್ತಿದೆ. ಇವರು ಕಾಲು ತೊಳೆಯುತ್ತಾ ಹೇಳಿದರು, "ಸೆಖೆ ಅದು. ಸರಿ ಆಯ್ತಲ್ಲ ಮತ್ತೆ? ಕಾಯಿಲೆ ಆದ್ರೆ ಮಜ್ಜಿಗೆಗೆ ಹೋಗ್ತದಾ?" ನಾಳೆಯೇ ಡಾಕ್ಟರರ ಹತ್ತಿರ ಹೋಗುವ ಎಂದೆ. ಇನ್ನು ನಾಲ್ಕೇ ಕಾರ್ಯಕ್ರಮ ಇರುವುದು, ಮಾತು ಕೊಟ್ಟಾಗಿದೆ, ಸೀಸನ್ ಮುಗಿಯಲಿ ಎಂದರು. ನಾನು ಹೂಂ ಎಂದೆ.

ಆ ಹೂಂ ಅನ್ನು ಯಾರ ತಲೆಗೂ ಕಟ್ಟಲು ಆಗುವುದಿಲ್ಲ. ನಾಲ್ಕರಲ್ಲಿ ಒಂದು ನನ್ನ ತವರಿನ ಕಡೆಯ ಮದುವೆ. ಇವರು ಅಡಿಗೆಗೆ ಬರುತ್ತಾರೆ ಎಂದು ನಾನೇ ಒಪ್ಪಿಸಿದ್ದೆ.

ತವರಿನ ಮದುವೆ ಚೆನ್ನಾಗಿ ಆಯಿತು. ಅದರ ಮರುವಾರ ಒಂದು ಬೆಳಿಗ್ಗೆ ಇವರು ಮನೆಯಲ್ಲೇ ಗಂಜಿಗೆ ಕೂತಿದ್ದರು. ಎರಡು ಮಿಡಿ ಬಡಿಸಿದ್ದೆ. ಒಂದನ್ನು ತೆಗೆಯಲು ಹೋದ ಕೈ ಎಲೆಯ ಮೇಲೆ ಹಾಗೆಯೇ ಬಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿದರು, ಬೇರೆಯವರ ಕೈ ಎಂಬಂತೆ. ನನ್ನ ಕಡೆ ತಿರುಗಿದಾಗ ಬಾಯಿ ಒಂದು ಬದಿಗೆ ಇಳಿದಿತ್ತು.

ನಾನು ಕೂಗಿದೆ. ನೆರೆಹೊರೆಯವರು ಓಡಿ ಬಂದರು. ಬಂದವರು ತಲೆಗೊಂದು ಮದ್ದು ಹೇಳಿದರು. ಒಬ್ಬರು ಎಣ್ಣೆ ಬಿಸಿ ಮಾಡಿ ಕೈಗೆ ತಿಕ್ಕತೊಡಗಿದರು. ಒಬ್ಬರು ಸ್ವಲ್ಪ ಹೊತ್ತು ಮಲಗಿಸಿ, ಮೊನ್ನೆಯ ಹಾಗೆ ಸರಿಯಾಗುತ್ತದೆ ಎಂದರು. ಮೊನ್ನೆಯದ್ದು ಆಗಲೇ ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಕೊನೆಗೆ ಗೊತ್ತಾದದ್ದು. ಮತ್ತೊಬ್ಬರು ಒಳಗೆ ಹೋಗಿ ಬಿಸಿ ಕಾಫಿ ತಂದು, ಬೇಡ ಎನ್ನುವ ಮೊದಲೇ ಬಾಯಿಗೆ ಹೊಯ್ದರು. ನುಂಗಲು ಬಾರದೆ ಅದು ಉಸಿರಿಗೆ ಹೋಗಿ ಇವರ ಕಣ್ಣು ಮೇಲೆ ಸಿಕ್ಕಿತು. ಬೆನ್ನು ಬಡಿದು ಬಡಿದು ಉಸಿರು ತರಿಸಿದೆವು. ಅಷ್ಟಾದ ಮೇಲೆ ಜೀಪು ಹುಡುಕಿದರು. ಪುತ್ತೂರಿನ ಡಾಕ್ಟರರು ನೋಡಿದ ಕೂಡಲೇ ಮಂಗಳೂರಿಗೆ ಹೋಗಿ ಎಂದರು. ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ಮಂಗಳೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಡಾಕ್ಟರಮ್ಮ. ನಡುವಯಸ್ಸಿನವರು. ಸುಳ್ಯದ ಕಡೆಯವರು ಎಂದು ಆಮೇಲೆ ತಿಳಿಯಿತು. ಮೂರನೆಯ ದಿನ, ಇವರ ಜೀವಕ್ಕೆ ಭಯವಿಲ್ಲ ಎಂದಾದ ಮೇಲೆ, ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಮೊದಲು ಯಾವಾಗಾದ್ರೂ ಹೀಗೆ ಆಗಿ, ತನ್ನಷ್ಟಕ್ಕೆ ಸರಿ ಆದದ್ದು ಉಂಟಾ?"

ಉಪ್ಪಿನಂಗಡಿಯದ್ದು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಅದು ಸೆಖೆ ಅಲ್ಲ ಅಮ್ಮ. ಇದೇ ಅದು, ಸಣ್ಣದಾಗಿ ಬಂದು ಹೋದದ್ದು. ಅವತ್ತೇ ಬಂದಿದ್ರೆ ಮದ್ದು ಮಾಡಿ ಇದನ್ನು ತಪ್ಪಿಸ್ಲಿಕ್ಕೆ ಒಂದು ದಾರಿ ಇತ್ತು."

ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಗಂಡನ ಮಾನ ಉಳಿಸುವ ಬುದ್ಧಿ ಎಲ್ಲಿ ಹೋಗುತ್ತದೆ. "ಉಪ್ಪು ಬಿಟ್ಟು ಏಳು ವರ್ಷ ಆಯ್ತು," ಎಂದೆ. "ಎಲೆ ಉಪ್ಪು ಮುಟ್ಟುದಿಲ್ಲ."

ಅವರು ನಗಲಿಲ್ಲ. ಬೆಳಿಗ್ಗೆ ಎಂತ ಉಣ್ಣುತ್ತಾರೆ, ಮಧ್ಯಾಹ್ನ ಎಂತ, ರಾತ್ರಿ ಎಂತ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದೆ. ಉಪ್ಪುಸೊಳೆ ಎಂದಾಗ ಕೈ ಎತ್ತಿ ನಿಲ್ಲಿಸಿದರು.

"ಅದನ್ನು ಅಡಿಗೆ ಮಾಡುವ ಮೊದಲು ಎಂತ ಮಾಡ್ತೀರಿ?"

"ಮೂರು ನೀರು ತೆಗೀತೇನೆ."

"ಯಾಕೆ ತೆಗೆಯುದು?"

ಆ ಕೋಣೆಯ ಗೋಡೆ, ಮೇಜಿನ ಮೇಲೆ ಇದ್ದ ನೀರಿನ ಲೋಟ, ಕಿಟಕಿಯ ಹಸಿರು ಪರದೆ, ಎಲ್ಲ ನೆನಪಿದೆ ನನಗೆ. ಮೂರು ನೀರು ಚೆಲ್ಲಿದ ಮೇಲೂ ಪಲ್ಯಕ್ಕೆ ಬೇರೆ ಉಪ್ಪು ಹಾಕುವ ಕ್ರಮ ನಮ್ಮಲ್ಲಿಲ್ಲ. ಹಾಕದೆಯೇ ಉಪ್ಪು ಇರುತ್ತದೆ ಎಂದು ನನ್ನ ಕೈಗೆ ಗೊತ್ತಿತ್ತು. ಆ ಕೈಯಿಂದಲೇ ಬಡಿಸಿದ್ದೆ.

"ನಿಮ್ಮ ಕೈ ಕೊಡಿ," ಎಂದರು ಡಾಕ್ಟರಮ್ಮ.

ಯಾಕೆಂದು ತಿಳಿಯದೆ ಕೊಟ್ಟೆ. ಬಟ್ಟೆ ಸುತ್ತಿ ಗಾಳಿ ಊದಿದರು. ಇಳಿಸಿದರು. ಮತ್ತೆ ಊದಿದರು. ಏಳು ವರ್ಷದ ಹಿಂದೆ ಪುತ್ತೂರಿನಲ್ಲಿ ನೋಡಿದ್ದ ಅದೇ ಹುಬ್ಬಿನ ಗಂಟು.

"ನಿಮ್ದೂ ಅವರಷ್ಟೇ ಉಂಟು. ಇಷ್ಟರವರೆಗೆ ಯಾರೂ ನೋಡ್ಲಿಲ್ವಾ?"

ಇಲ್ಲ ಎಂದೆ. ಏಳು ವರ್ಷ ಅದೇ ಬೆಂಚಿನಲ್ಲಿ ಇವರ ಪಕ್ಕದಲ್ಲಿ ಕೂತಿದ್ದೆ. ಚೀಟಿ ಹಿಡಿದುಕೊಂಡದ್ದು ನಾನು, ಮಾತ್ರೆ ಕಟ್ಟಿಸಿಕೊಂಡದ್ದು ನಾನು. ಆ ಬಟ್ಟೆಯನ್ನು ಒಂದು ಮೊಳ ಈಚೆಗೆ ಸರಿಸಿ ನನ್ನ ತೋಳಿಗೆ ಸುತ್ತಬೇಕೆಂದು ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ, ಅದೇ ಹೆಚ್ಚು ಸಿಟ್ಟು. ಇವರು ಉಂಡದ್ದನ್ನೇ ನಾನೂ ಉಂಡಿದ್ದೆ. ಇವರು ಉಂಡು ಎದ್ದ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ಗೊಜ್ಜನ್ನು ಅನ್ನಕ್ಕೆ ಬಳಿದುಕೊಂಡು ಉಂಡಿದ್ದೆ. ತಳದಲ್ಲಿ ಉಪ್ಪು ಇನ್ನೂ ಹೆಚ್ಚು.

ಡಾಕ್ಟರಮ್ಮ ನನಗೂ ದಿನಾ ಬೆಳಿಗ್ಗೆಗೆ ಒಂದು ಮಾತ್ರೆ ಬರೆದುಕೊಟ್ಟು, ಅರ್ಧ ಗಂಟೆ ಕೂತು ಎಲ್ಲ ಬಿಡಿಸಿ ಹೇಳಿದರು. ನೋವಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಪ್ರೆಶರ್ ಇಳಿದದ್ದು ಮಾತ್ರೆಯಿಂದ, ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ, ಸೀಸನ್ ಇರಲಿ ಇಲ್ಲದಿರಲಿ ದಿನಾ ಬೇಕು. ಭರಣಿಯಲ್ಲಿರುವುದೆಲ್ಲ ಉಪ್ಪೇ. ಹೊಗೆಸೊಪ್ಪು ಜಗಿದರೂ ರಕ್ತದ ನಾಳಕ್ಕೆ ಕೇಡೇ. ದಿನಾ ಸ್ವಲ್ಪ ನಡೆಯಬೇಕು. ಮಾತು ತೊದಲಿದರೆ, ಕೈ ಕಾಲು ಸೋತರೆ, ಬಾಯಿಗೆ ಎಂತದೂ ಹಾಕದೆ ಆ ಕ್ಷಣ ಹೊರಟು ಬರಬೇಕು. ಇಷ್ಟೇ. ಸಣ್ಣ ಮಕ್ಕಳಿಗೂ ತಿಳಿಯುವ ಮಾತು. ಇದು ನಮ್ಮ ಮನೆಗೆ ಬಂದು ಮುಟ್ಟಲು ಒಂದು ಬಲಗೈ ಹೋಗಬೇಕಾಯಿತು.

ಒಂದು ತಿಂಗಳಾದ ಮೇಲೆ ಇವರನ್ನು ಮನೆಗೆ ಕರೆತಂದೆ. ಕೋಲು ಹಿಡಿದು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದರು. ಮಾತು ನಾಲ್ಕೋ ಐದೋ ಉಳಿದಿತ್ತು, ಅದೂ ಒಂದೊಂದೇ ಶಬ್ದ. ಬಲಗೈ ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು. ನಾನು ಮೊದಲು ಮಾಡಿದ ಕೆಲಸ ಭರಣಿ ಬರಿದು ಮಾಡಿದ್ದು. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ಊರಲ್ಲಿ ಇದ್ದದ್ದೇ, ಹಾಗಾಗಿ ಹಿತ್ತಲಿನ ಎರಡು ತೆಂಗಿಗೆ ನಾಲ್ಕು ಭರಣಿ ಸುರಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ತಿನ್ನುವ ವಸ್ತು, ಚೆಲ್ಲುದಾ?" ಎಂದು ಹೊಟ್ಟೆ ಉರಿದುಕೊಂಡರು. ಮಿಡಿಯ ಭರಣಿಯೊಂದನ್ನು ಚೆಲ್ಲಲು ನನಗೂ ಮನಸ್ಸಾಗದೆ ಅವರಿಗೇ ಕೊಟ್ಟೆ. ಕೊಟ್ಟು ಒಳಗೆ ಬಂದ ಮೇಲೆ, ಅವರ ಪ್ರೆಶರ್ ಎಷ್ಟೆಂದು ಯಾರು ನೋಡಿದ್ದಾರೆ ಎಂದು ಹೊಳೆಯಿತು. ಹೋಗಿ ವಾಪಸು ಕೇಳಿದೆ. ಕೊಡಲಿಲ್ಲ. ಇವತ್ತಿಗೂ ಅವರಿಗೂ ನನಗೂ ಮಾತು ಅಷ್ಟಕ್ಕಷ್ಟೆ.

ನೋಡಲು ಬಂದವರೆಲ್ಲ ಇದ್ದಕ್ಕಿದ್ದ ಹಾಗೆ ಎಂದದ್ದು ಆ ದಿನಗಳಲ್ಲೇ. ಗ್ರಹಚಾರ ಎಂದವರೂ ಇದ್ದರು. ಗಂಡಸರಲ್ಲಿ ಒಬ್ಬರು, ಇವರ ಜೊತೆ ಎಷ್ಟೋ ಸಾಲಿನಲ್ಲಿ ಊಟಕ್ಕೆ ಕೂತವರು, "ಉಪ್ಪು ಬಿಟ್ಟೂ ಹೀಗಾಯ್ತು ನೋಡಿ, ಬಿಟ್ಟು ಎಂತ ಪ್ರಯೋಜನ?" ಎಂದರು. ಅವರಿಗೆ ಆ ದಿನ ಚಾ ಕೊಡಲಿಲ್ಲ. ಕೂರಿಸಿಕೊಂಡು ಮೂರು ನೀರಿನ ಕಥೆ ಹೇಳಿದೆ. ಅರ್ಧಕ್ಕೆ ಎದ್ದು ಹೋದರು.

ವರ್ಷ ತಿರುಗಿ ಇವರ ತಂದೆಯ ಶ್ರಾದ್ಧ ಬಂತು. ಪ್ರತಿ ವರ್ಷ ಇವರೇ ಕೂತು ಮಾಡುತ್ತಿದ್ದದ್ದು. ಆ ಸಲ ಇವರ ತಮ್ಮ ಬಂದು ಕೂರುವುದೆಂದು ಆಯಿತು, ಅಡಿಗೆ ನನ್ನದು. ಶ್ರಾದ್ಧದ ಅಡಿಗೆಗೆ ಮದುವೆಗಿಂತ ಹೆಚ್ಚು ಮಡಿ. ಬೆಳಿಗ್ಗೆ ಬೇಗ ಸ್ನಾನ ಮಾಡಿ ಒದ್ದೆ ಸೀರೆ ಉಟ್ಟು ಒಲೆ ಹೊತ್ತಿಸಿದೆ. ಬ್ರಾಹ್ಮಣರ ಊಟ ಮುಗಿಯುವಾಗ ಮಧ್ಯಾಹ್ನ ಎರಡಾದರೂ ಆಗುತ್ತದೆ. ನನ್ನ ಮಾತ್ರೆಯ ಡಬ್ಬಿ ಜಗಲಿಯ ಗೂಡಿನಲ್ಲಿತ್ತು. ಅದು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಒಂದು ದಿನ ತಾನೇ, ಮಡಿಯಲ್ಲಿದ್ದೇನೆ, ಊಟ ಎಲ್ಲ ಮುಗಿದ ಮೇಲೆ ನೋಡೋಣ ಎಂದುಕೊಂಡೆ.

ಒಂದು ವರ್ಷ ಊರವರಿಗೆಲ್ಲ ಬೈದವಳು ನಾನು.

ಪಾಯಸಕ್ಕೆ ಕಾಯಿಹಾಲು ಹಿಂಡುತ್ತಿದ್ದಾಗ ಜಗಲಿಯಲ್ಲಿ ಕೋಲಿನ ಸದ್ದು ಕೇಳಿಸಿತು. ಕಾಲು ಎಳೆಯುವ ಸದ್ದು. ಇವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಸ್ನಾನ ಆಗಿರಲಿಲ್ಲ, ಒಳಗೆ ಬರುವ ಹಾಗಿರಲಿಲ್ಲ. ಬರಬೇಡಿ, ಮಡಿ ಎಂದೆ. ಇವರು ಹೊಸ್ತಿಲು ದಾಟಿ ಬಂದರು. ನಲವತ್ತು ವರ್ಷ ಮಡಿಯಲ್ಲಿ ಒಲೆಯ ಮುಂದೆ ನಿಂತ ಮನುಷ್ಯ, ಮೈಲಿಗೆಯಲ್ಲಿ ನನ್ನ ಒಲೆಯ ಹತ್ತಿರ ಬಂದರು. ಅಲ್ಲಿ ಬಡಿಸಲೆಂದು ತೊಳೆದು ಇಟ್ಟಿದ್ದ ಬಾಳೆಲೆಗಳಿದ್ದವು. ಕೋಲನ್ನು ಗೋಡೆಗೆ ಒರಗಿಸಿ, ಎಡ ಮುಷ್ಟಿಯನ್ನು ಮೇಲಿನ ಎಲೆಯ ಮೇಲೆ ಬಿಚ್ಚಿದರು. ಎಡಗೈಯಿಂದ ಎಲೆಗೆ ಬಡಿಸಿದವರನ್ನು ಕಂಡರೆ ಹಿಂದೆ ಚಪ್ಪರದಿಂದಲೇ ಓಡಿಸುತ್ತಿದ್ದವರು ಇವರು. ಎಲೆಯ ಎಡ ತುದಿಯಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ, ನನ್ನ ಮಾತ್ರೆ ಇತ್ತು.

ಇವರ ಮುಖ ಕೆಂಪಾಗಿತ್ತು. ಒಂದು ವರ್ಷದಲ್ಲಿ ಇವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ, ಸಿಟ್ಟೆಲ್ಲ ನನ್ನದೇ ಎಂದುಕೊಂಡಿದ್ದೆ. ತುಟಿ ಎರಡು ಸಲ ಅಲುಗಿತು, ಸ್ವರ ಬರಲಿಲ್ಲ. ಮೂರನೆಯ ಸಲ ಬಂತು.

"ನುಂಗು."

ಹೊರಗೆ ಇವರ ತಮ್ಮನೂ ಬ್ರಾಹ್ಮಣರೂ ಕಾಲು ತೊಳೆಯುತ್ತಿದ್ದರು. ನಾನು ಎಲೆಯಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿ, ಚೊಂಬಿನ ನೀರು ಎತ್ತಿ ಹೊಯ್ದುಕೊಂಡು ನುಂಗಿದೆ. ಇವರು ನನ್ನ ಗಂಟಲನ್ನು ನೋಡುತ್ತಾ ನಿಂತಿದ್ದು, ನುಂಗಿದ್ದು ಹೌದು ಎಂದಾದ ಮೇಲೆ ಕೋಲು ತೆಗೆದುಕೊಂಡು ಹೊರಗೆ ಹೋದರು. ನಾನು ಇನ್ನೊಂದು ಸಲ ಸ್ನಾನ ಮಾಡಿ ಬಂದು, ಹೊಸದಾಗಿ ಅಕ್ಕಿ ತೊಳೆದು ಒಲೆಯ ಮೇಲೆ ಇಟ್ಟೆ. ಆ ದಿನ ಊಟಕ್ಕೆ ಎರಡು ಗಂಟೆ ತಡವಾ‌ಯಿತು.